ಸೇವೆಗೆ ಹೊರಟ ಮಕ್ಕಳು ಮತ್ತು ಉಪವಿಷಯದ ಆಯ್ಕೆ

ಪಿಯುಸಿ ಫಲಿತಾಂಶ ಹೊರಬಿದ್ದ ದಿನದಿಂದ ಪದವಿ ಕಾಲೇಜಿನ ಪ್ರವೇಶ ಮುಗಿಯುವ ದಿನದವರೆಗೆ ನಮ್ಮ ಶ್ರಾವಕ ಕುಟುಂಬಗಳಲ್ಲಿ ಎರಡೇ ಪ್ರಶ್ನೆಗಳು ಕೇಳಿಬರುತ್ತವೆ. ಯಾವ ವಿಷಯದಲ್ಲಿ ಅಂಕ ಸುಲಭ? ಯಾವ ವಿಷಯಕ್ಕೆ ನೌಕರಿ ಖಚಿತ? ಇವು ಅಗೌರವದ ಪ್ರಶ್ನೆಗಳೆಂದು ನಾನು ಹೇಳಲಾರೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನಾನೂ ನೂರಾರು ತಂದೆತಾಯಿಗಳಿಗೆ ಈ ಪ್ರಶ್ನೆಗಳಿಗೆ ಉತ್ತರ ಕೊಟ್ಟವನೇ. ಆದರೆ ವೃದ್ಧರ ಆರೈಕೆ, ಅಂಗವಿಕಲರ ಪುನರ್ವಸತಿ, ಮನೋರೋಗಿಗಳ ಶುಶ್ರೂಷೆ, ನಿರ್ಗತಿಕ ಮಕ್ಕಳ ರಕ್ಷಣೆ, ವ್ಯಸನಮುಕ್ತಿ, ಕುಟುಂಬ ಸಲಹೆ ಮುಂತಾದ ಜನಸೇವೆಯನ್ನೇ ವೃತ್ತಿಯಾಗಿ ಸ್ವೀಕರಿಸಲು ಹೊರಟ ಮಗುವಿನ ಮುಂದೆ ಈ ಎರಡೇ ಪ್ರಶ್ನೆಗಳನ್ನು ಇಟ್ಟು ಕೈತೊಳೆದುಕೊಳ್ಳುವುದು ತಪ್ಪು. ತಪ್ಪು ಮಾತ್ರವಲ್ಲ, ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ಅದು ತಕ್ಕುದಲ್ಲ. ಅಂಥ ಮಗುವಿಗೆ ಕೇಳಬೇಕಾದ ಮೂರನೆಯ ಪ್ರಶ್ನೆಯೊಂದಿದೆ: ನೀನು ಯಾರ ಬಳಿಗೆ ಹೋಗುವವನು, ಯಾರ ಬಳಿಗೆ ಹೋಗುವವಳು? ಅವರಿಗೆ ನಿನ್ನಿಂದ ನೋವಾಗದಿರಬೇಕಾದರೆ ನೀನು ಇನ್ನೇನನ್ನು ಕಲಿತಿರಬೇಕು?

ಈ ಪ್ರಶ್ನೆಯನ್ನು ನಾನು ಕೇಳದೆ ಬಿಟ್ಟ ಒಂದು ಸಂದರ್ಭವನ್ನು ಮೊದಲು ಒಪ್ಪಿಕೊಳ್ಳುತ್ತೇನೆ.

2019ರ ಜೂನ್ ತಿಂಗಳು. ಬಸದಿಯೊಂದರ ಟ್ರಸ್ಟಿನ ವಿದ್ಯಾರ್ಥಿವೇತನ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯ. ನಮ್ಮ ಅರ್ಜಿ ನಮೂನೆಯಲ್ಲಿ ನಾಲ್ಕು ಕಲಮುಗಳಿದ್ದವು: ತಾಂತ್ರಿಕ, ವೈದ್ಯಕೀಯ, ವಾಣಿಜ್ಯ, ಇತರೆ. ‘ಇತರೆ’ಗೆ ಸಿಗುವ ಮೊತ್ತ ಉಳಿದವುಗಳ ಅರ್ಧ. ಕೃಷಿಕ ಮನೆತನದ ಒಬ್ಬ ಹುಡುಗಿ ಆ ನಾಲ್ಕನೆಯ ಕಲಮಿನಲ್ಲಿ ಸಮಾಜಕಾರ್ಯವೆಂದೂ ಅದರ ಜೊತೆಗೆ ಮನಶ್ಶಾಸ್ತ್ರವೆಂದೂ ಬರೆದಿದ್ದಳು. ಒಳ್ಳೆಯ ಅಂಕವಿದ್ದೂ ವಾಣಿಜ್ಯವನ್ನೇಕೆ ಬಿಟ್ಟೆ ಎಂದು ಸಮಿತಿಯವರು ಕೇಳಿದರು. ಅವಳ ಅಜ್ಜಿಗೆ ಮರೆವಿನ ಕಾಯಿಲೆ. ರಾತ್ರಿಹೊತ್ತು ತವರುಮನೆಗೆ ಹೋಗುತ್ತೇನೆಂದು ಹೊರಟುಬಿಡುತ್ತಿದ್ದರಂತೆ. ಮನೆಯವರು ಬೇರೆ ದಾರಿ ಕಾಣದೆ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಎರಡು ವರ್ಷ ಹಾಗೆಯೇ ಇದ್ದು ಅಜ್ಜಿ ತೀರಿಕೊಂಡರು. “ನಾವು ಕೆಟ್ಟವರಲ್ಲ ಸರ್. ಬೇರೆ ಏನು ಮಾಡಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ಅದನ್ನು ಕಲಿಯಬೇಕೆಂದಿದ್ದೇನೆ” ಎಂದಳು ಹುಡುಗಿ.

ಹಿರಿಯರೊಬ್ಬರು ನಕ್ಕರು. ಕುಹಕದ ನಗೆಯಲ್ಲ, ವಾತ್ಸಲ್ಯದ್ದೇ. “ಅಜ್ಜಿಯನ್ನು ನೋಡಿಕೊಳ್ಳುವುದಕ್ಕೆ ಡಿಗ್ರಿ ಬೇಕೇನಮ್ಮಾ? ಅದೆಲ್ಲ ಮನೆಯ ಸಂಸ್ಕಾರದಿಂದ ಬರುವಂಥದ್ದು. ಬಿ.ಕಾಂ. ಮಾಡು, ಸೇವೆಯನ್ನು ಭಾನುವಾರ ಮಾಡಬಹುದು” ಎಂದರು. ಉಳಿದವರು ತಲೆದೂಗಿದರು. ನಾನು ಮಾತಾಡಲಿಲ್ಲ. ಅರ್ಜಿಗಳ ರಾಶಿ ದೊಡ್ಡದಿತ್ತು. ಅವಳ ಅರ್ಜಿಯನ್ನು ಪಕ್ಕಕ್ಕೆ ಸರಿಸಿದ ಕೈ ನನ್ನದೇ.

ಮನೆಯ ಸಂಸ್ಕಾರವೊಂದೇ ಸಾಲದೆಂಬುದು ಎರಡು ವರ್ಷಗಳ ಬಳಿಕ ನನ್ನ ಅಣ್ಣನ ಮನೆಯಲ್ಲಿ ನನಗೆ ಮನದಟ್ಟಾಯಿತು. ಅಣ್ಣನಿಗೆ ಪಾರ್ಶ್ವವಾಯು ತಗಲಿ ಎಡಭಾಗ ಬಿದ್ದುಹೋಗಿತ್ತು. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಇಂಗ್ಲಿಷ್ ಹಾಳೆ ಕಪಾಟು ಸೇರಿತು. ಅತ್ತಿಗೆಯವರ ಶ್ರದ್ಧೆಗೆ ಕೊರತೆಯಿರಲಿಲ್ಲ. ನಿತ್ಯ ಅಭಿಷೇಕದ ಗಂಧೋದಕ ತಂದು ಹಣೆಗೆ ಹಚ್ಚಿ, ಮಲಗಿದ್ದಲ್ಲಿಯೇ ತಿಳಿಗಂಜಿ ಕುಡಿಸುತ್ತಿದ್ದರು. ಮಗ್ಗುಲು ಬದಲಿಸುವಾಗ ಮನೆಯ ಹುಡುಗರು ಬಿದ್ದುಹೋದ ಎಡಗೈಯನ್ನೇ ಹಿಡಿದು ಎಳೆಯುತ್ತಿದ್ದರು. ನುಂಗುವ ಶಕ್ತಿ ಕುಂದಿದವರಿಗೆ ಮಲಗಿಸಿ ತಿಳಿಯಾದುದನ್ನು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಲವಿಲ್ಲದ ತೋಳನ್ನು ಎಳೆದರೆ ಹೆಗಲ ಕೀಲು ಸಡಿಲಾಗುತ್ತದೆ. ಎರಡೂ ಆದವು. ತಿಂಗಳೊಳಗೆ ಅಣ್ಣ ಪುನಃ ಆಸ್ಪತ್ರೆ ಸೇರಿದ.

ಈ ಸಲ ಅಲ್ಲಿ ಒಬ್ಬ ತರುಣಿ ಇದ್ದಳು, ವೈದ್ಯಕೀಯ ಸಮಾಜಕಾರ್ಯಕರ್ತೆ. ಅವಳು ವೈದ್ಯರನ್ನೂ ಫಿಸಿಯೋಥೆರಪಿಯವರನ್ನೂ ಕೇಳಿಕೊಂಡು ಬಂದು ಅತ್ತಿಗೆಯವರ ಎದುರು ಕುಳಿತು ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಎಂಟು ಸಾಲು ಬರೆದಳು. ಕೂರಿಸಿಯೇ ಉಣಿಸಿ. ಗಂಜಿ ಮಂದವಾಗಿರಲಿ, ಚಮಚದಿಂದ ಜಾರಿ ಬೀಳಬಾರದು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಎಡಗೈ ಹಿಡಿದು ಎಳೆಯಬೇಡಿ. ಹೀಗೆ. ಆ ಹಾಳೆ ಅಡುಗೆಮನೆಯ ಗೋಡೆಗೆ ಅಂಟಿತು. ಅಣ್ಣ ಅನಂತರ ಮೂರು ವರ್ಷ ಬದುಕಿದ. ಅವಳು ಬರೆದುದರಲ್ಲಿ ಹೊಸದೇನೂ ಇರಲಿಲ್ಲ, ಎಲ್ಲವೂ ಮೊದಲಿನ ಇಂಗ್ಲಿಷ್ ಹಾಳೆಯಲ್ಲಿ ಇದ್ದುದೇ. ಇಷ್ಟು ಚೆನ್ನಾಗಿ ಬರೆಯಲು ಎಲ್ಲಿ ಕಲಿತೆಯಮ್ಮಾ ಎಂದು ಕೇಳಿದೆ. ಪದವಿಯಲ್ಲಿ ಸಮಾಜಕಾರ್ಯದ ಜೊತೆ ಐಚ್ಛಿಕ ಕನ್ನಡ ತೆಗೆದುಕೊಂಡಿದ್ದಳಂತೆ. ಅದರಿಂದೇನು ಪ್ರಯೋಜನವೆಂದು ಎಲ್ಲರೂ ಬೈದಿದ್ದರೆಂದು ನಗುತ್ತ ಹೇಳಿದಳು.

ಪ್ರಯೋಜನ ಏನೆಂದು ನಾನು ಕಣ್ಣಾರೆ ಕಂಡಿದ್ದೆ. ಮುಖ್ಯ ವಿಷಯ ಅವಳನ್ನು ಆ ಹಾಸಿಗೆಯ ಪಕ್ಕಕ್ಕೆ ಕರೆತಂದಿತ್ತು. ಎರಡನೆಯ ವಿಷಯ ಅವಳ ಅರಿವನ್ನು ಅತ್ತಿಗೆಯವರ ಅಡುಗೆಮನೆಗೆ ಮುಟ್ಟಿಸಿತು.

ಇನ್ನು ಶಾಸ್ತ್ರದ ಮಾತಿಗೆ ಬರೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಪ್ರಾಣಹಾನಿಯ ಮಾತಿಗೆ ಮುಂಚೆ ಪ್ರಮಾದವನ್ನು ಇಡುತ್ತಾರೆ. ಪ್ರಮಾದವೆಂದರೆ ಎಚ್ಚರಗೇಡಿತನ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಬಳಿಕ ಉಣ್ಣದ, ನೆಲ ನೋಡಿ ನಡೆಯುವ ನಮ್ಮ ಆಚಾರವೆಲ್ಲ ಈ ಎಚ್ಚರದ ಅಭ್ಯಾಸವೇ. ಕಣ್ಣಿಗೆ ಕಾಣದ ಜೀವಿಯ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ನಾವು, ಕಣ್ಣೆದುರು ಮಲಗಿರುವ ಪಂಚೇಂದ್ರಿಯ ಜೀವದ ಆರೈಕೆಗೆ ಮಾತ್ರ ಒಳ್ಳೆಯ ಮನಸ್ಸಿದ್ದರೆ ಸಾಕೆಂದು ಹೇಗೆ ನಂಬಿದೆವು? ರತ್ನತ್ರಯದಲ್ಲಿ ಸಮ್ಯಗ್ದರ್ಶನಕ್ಕೂ ಸಮ್ಯಕ್‌ಚಾರಿತ್ರಕ್ಕೂ ನಡುವೆ ಸಮ್ಯಗ್ಜ್ಞಾನವಿದೆ. ನಡುವಿನದನ್ನು ಬಿಟ್ಟು ಶ್ರದ್ಧೆಯಿಂದ ನೇರವಾಗಿ ಆಚರಣೆಗೆ ಹಾರುವ ಅವಸರವನ್ನು ನಾವು ಪೂಜೆಯ ವಿಧಿಯಲ್ಲಿ ಒಪ್ಪುವುದಿಲ್ಲ; ಸೇವೆಯಲ್ಲೇಕೆ ಒಪ್ಪಬೇಕು?

ಸೇವೆ ನಮಗೆ ಹೊರಗಿನಿಂದ ಬಂದ ಕಲ್ಪನೆಯೂ ಅಲ್ಲ. ವೈಯಾವೃತ್ಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸಿ, ಅದಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಆಚಾರ್ಯ, ಉಪಾಧ್ಯಾಯರ ಸಾಲಿನಲ್ಲಿಯೇ ಗ್ಲಾನನನ್ನು, ಅಂದರೆ ರೋಗಪೀಡಿತನನ್ನು, ಹೆಸರಿಸಲಾಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳಲ್ಲಿ ಸೇರಿಸಿದರು. ಶಿಕ್ಷಾವ್ರತವೆಂಬ ಹೆಸರೇ ಅದು ಅಭ್ಯಾಸದಿಂದ ಸಿದ್ಧಿಸುವುದೆಂದು ಹೇಳುತ್ತದೆ. ಈ ವಿಧಿಗಳು ಮೊದಲಿಗೆ ಸಂಯಮಿಗಳನ್ನು ಕುರಿತವು ಎಂಬುದು ನಿಜ. ಆದರೆ ಜೀವಗಳು ಪರಸ್ಪರ ಉಪಕಾರಕ್ಕಾಗಿ ಇವೆ ಎಂದ ಧರ್ಮ, ಮುನಿಗಳ ಶುಶ್ರೂಷೆಯಲ್ಲಿ ಕಲಿತ ಕೈ ಮನುಷ್ಯಮಾತ್ರರ ಬಳಿ ಕಟ್ಟಿಕೊಂಡಿರಲಿ ಎಂದು ಹೇಳಿರಲಾರದು.

ಸಮ್ಯಗ್ದರ್ಶನದ ಎಂಟು ಅಂಗಗಳನ್ನು ನಮ್ಮ ಮಕ್ಕಳು ಪಾಠಶಾಲೆಯಲ್ಲಿ ಕಂಠಪಾಠ ಮಾಡುತ್ತಾರೆ. ಅವುಗಳಲ್ಲಿ ಮೂರನ್ನು ಎದುರಿಗಿಟ್ಟುಕೊಂಡರೆ ಜನಸೇವೆಗೆ ಹೊರಟವರು ಏನೇನು ಓದಬೇಕೆಂಬುದಕ್ಕೆ ಅಲ್ಲಿಯೇ ದಾರಿ ಕಾಣುತ್ತದೆ. ನಿರ್ವಿಚಿಕಿತ್ಸೆಗೆ ಉದ್ದಾಯನ ರಾಜನನ್ನು ನಿದರ್ಶನವಾಗಿ ಹೇಳುತ್ತಾರೆ. ರೋಗಿಷ್ಠ ಮುನಿಯ ರೂಪದಲ್ಲಿ ಬಂದವನು ವಾಂತಿ ಮಾಡಿಕೊಂಡಾಗ ಅಸಹ್ಯಪಡದೆ ಉಪಚರಿಸಿದವನು ಅವನು. ಇಂದು ಹೊಲಸಿಗೆ ಹೇಸದಿದ್ದರೆ ಸಾಲದು. ಮನೋರೋಗಿಯ ಮಾತಿಗೆ, ಕುಡುಕನ ಪುನಃಪತನಕ್ಕೆ, ಬುದ್ಧಿಮಾಂದ್ಯ ಮಗುವಿನ ಹಟಕ್ಕೆ ಬೇಸರಿಸದಿರಬೇಕು. ಕಾರಣ ತಿಳಿದವನಿಗೆ ಬೇಸರ ಕಡಿಮೆ. ಮನಶ್ಶಾಸ್ತ್ರ ಉಪವಿಷಯವಾಗಿ ಬೇಕಾಗುವುದು ಇದಕ್ಕಾಗಿ.

ಸ್ಥಿತೀಕರಣವೆಂದರೆ ಜಾರಿದವನನ್ನು ಮರಳಿ ನೆಲೆನಿಲ್ಲಿಸುವುದು. ಪುನರ್ವಸತಿ ಎಂದು ಇಂದು ಕರೆಯುವುದು ಇದನ್ನೇ. ನೆಲೆ ನಿಲ್ಲಬೇಕಾದರೆ ಸಾಂತ್ವನವೊಂದೇ ಸಾಲದು; ದುಡಿಮೆ, ಸಾಲ, ಉಳಿತಾಯ, ಸರ್ಕಾರದ ಸೌಲಭ್ಯ ಎಲ್ಲವೂ ಬೇಕು. ಅಲ್ಲಿ ಅರ್ಥಶಾಸ್ತ್ರವೂ ಲೆಕ್ಕಪತ್ರವೂ ಬರುತ್ತವೆ.

ಉಪಗೂಹನ ಇವೆರಡಕ್ಕಿಂತ ಸೂಕ್ಷ್ಮವಾದುದು. ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪರರ ದೋಷವನ್ನು ಬೀದಿಗೆ ತರದಿರುವುದು ಈ ಅಂಗ. ಆಪ್ತಸಲಹೆ ನೀಡುವವರ ಮೊದಲ ಧರ್ಮವೂ ಅದೇ; ರೋಗಿಯ ಗೌಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಹಕ್ಕೆಂದೇ ಹೇಳಿದೆ. ಆದರೆ ದೋಷವನ್ನು ಮುಚ್ಚುವುದು ಬೇರೆ, ಅಪರಾಧವನ್ನು ಮುಚ್ಚುವುದು ಬೇರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆ ವಿಧಿಸುತ್ತದೆ; ತಿಳಿಸದಿರುವುದೇ ಶಿಕ್ಷಾರ್ಹ. ಮನೆತನದ ಮಾನ, ಸಮಾಜದ ಹೆಸರು ಎಂದು ಹಿರಿಯರು ಕೂತು ಇಂಥದನ್ನು ಮುಗಿಸಿಬಿಡುವುದನ್ನು ಉಪಗೂಹನವೆಂದು ಕರೆಯುವುದು ಧರ್ಮಕ್ಕೆ ಮಾಡುವ ಅಪಚಾರ. ಇದಕ್ಕೆ ವಿರುದ್ಧವಾದ ಇನ್ನೊಂದು ಅಜ್ಞಾನವೂ ಇದೆ. ಆತ್ಮಹತ್ಯೆಗೆ ಯತ್ನಿಸಿ ಉಳಿದ ಮಗನನ್ನು ಕೇಸಾಗುವುದೆಂಬ ಭಯದಿಂದ ವೈದ್ಯರಿಗೂ ತೋರಿಸದೆ ಅಡಗಿಸುವ ಮನೆಗಳಿವೆ. ಅಂಥವನು ತೀವ್ರ ಒತ್ತಡದಲ್ಲಿದ್ದನೆಂದು ಭಾವಿಸಿ ಶಿಕ್ಷಿಸದಿರಬೇಕೆಂದು 2017ರ ಕಾಯಿದೆಯೇ ಹೇಳಿದೆ. ಯಾವುದನ್ನು ಮುಚ್ಚಬೇಕು, ಯಾವುದನ್ನು ತೆರೆಯಬೇಕು ಎಂಬ ವಿವೇಕಕ್ಕೆ ಕಾನೂನಿನ ಪರಿಚಯವಿಲ್ಲದೆ ಬೇರೆ ಉಪಾಯವಿಲ್ಲ.

ಹಾಗಾದರೆ ಪದವಿಗೆ ಸೇರುವ ಮಗುವಿಗೆ ನಾವು ಏನು ಹೇಳಬೇಕು?

ಮೊದಲು, ಉಪವಿಷಯ ಎಷ್ಟು ದೊಡ್ಡದೆಂದು ತಿಳಿದಿರೋಣ. ಮೇಜರ್, ಮೈನರ್ ಎಂಬ ಮಾತು ನಮ್ಮ ಪದವಿ ಕಾಲೇಜುಗಳಲ್ಲಿ ಬಳಕೆಗೆ ಬಂದುದು 2021ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ. 2024-25ನೇ ಸಾಲಿನಿಂದ ರಾಜ್ಯ ಸರ್ಕಾರ ಆ ಪದ್ಧತಿಯನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಹೊರರಾಜ್ಯದಲ್ಲಿ ಅಥವಾ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವ ನಮ್ಮ ಮಕ್ಕಳಿಗೆ ಮೈನರ್ ಎಂಬ ಹೆಸರೇ ಎದುರಾಗುತ್ತದೆ, ಇಲ್ಲಿಯವರಿಗೆ ಜೋಡಿ ವಿಷಯ, ಐಚ್ಛಿಕ ವಿಷಯ ಎಂಬ ಹೆಸರು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ಚೌಕಟ್ಟಿನಂತೆ ಮೂರು ವರ್ಷದ ಪದವಿಯ 120 ಕ್ರೆಡಿಟ್‌ಗಳಲ್ಲಿ 24 ಮೈನರ್ ವಿಷಯಕ್ಕೆ ಮೀಸಲು. ಒಟ್ಟು ಓದಿನ ಐದನೆಯ ಒಂದು ಪಾಲು. ಒಂದು ಕ್ರೆಡಿಟ್‌ಗೆ 15 ಗಂಟೆ ಪಾಠವೆಂದರೂ 360 ಗಂಟೆಗಳಾಯಿತು. ಇಷ್ಟು ಕಾಲವನ್ನು ಅಂಕ ಸುಲಭವೆಂಬ ಒಂದೇ ಕಾರಣಕ್ಕೆ ಖರ್ಚು ಮಾಡುವುದು, ಖರ್ಚುವೆಚ್ಚದಲ್ಲಿ ಹೆಸರಾದ ನಮ್ಮ ಸಮಾಜಕ್ಕೆ ಒಪ್ಪುವ ಲೆಕ್ಕಾಚಾರವೇ?

ಎರಡನೆಯದಾಗಿ, ಮುಚ್ಚಿಹೋಗುವ ಬಾಗಿಲು ಯಾವುದು, ತೆರೆದಿರುವ ಬಾಗಿಲು ಯಾವುದು ಎಂದು ವಿಚಾರಿಸಿಕೊಳ್ಳಬೇಕು. ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಅನೇಕ ಕಡೆ ಯಾವುದೇ ಪದವೀಧರರು ಸೇರಬಹುದು, ಬಿ.ಕಾಂ. ಮಾಡಿದವರಿಗೂ ಆ ದಾರಿ ಉಂಟು. ಆದರೆ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಗೆ ಹಲವು ವಿಶ್ವವಿದ್ಯಾಲಯಗಳು ಪದವಿಯಲ್ಲಿ ಅದೇ ವಿಷಯವನ್ನು ಓದಿರಬೇಕೆಂದು ಕೇಳುತ್ತವೆ. ಅಂಗವಿಕಲರ ಪುನರ್ವಸತಿಯ ವೃತ್ತಿಗಳಿಗೆ 1992ರ ಕಾಯಿದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಮೊದಲ ವರ್ಷ ಅರಿಯದೆ ಮಾಡಿದ ಆಯ್ಕೆಗೆ ಐದನೆಯ ವರ್ಷ ಅತ್ತವರನ್ನು ನಾನು ಕಂಡಿದ್ದೇನೆ.

ಮೂರನೆಯದಾಗಿ, ಮತ್ತು ಮುಖ್ಯವಾಗಿ, ಸೇವೆ ಪಡೆಯುವವರಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ವೃದ್ಧರ ನಡುವೆ ದುಡಿಯಬೇಕೆಂದಿರುವವರು ಗೃಹವಿಜ್ಞಾನದ ಆಹಾರಶಾಸ್ತ್ರವನ್ನೋ ಮನಶ್ಶಾಸ್ತ್ರವನ್ನೋ ಓದಲಿ. ಆಸ್ತಿ ಬರೆಸಿಕೊಂಡು ತಂದೆತಾಯಿಯನ್ನು ಹೊರಹಾಕಿದ ಮಕ್ಕಳ ವಿರುದ್ಧ 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಏನು ಪರಿಹಾರವಿದೆ ಎಂಬುದೂ ಅವರಿಗೆ ತಿಳಿದಿರಲಿ. ಅಂಗವಿಕಲರ ಕೆಲಸಕ್ಕೆ ಹೊರಟವರು ಶಿಕ್ಷಣಶಾಸ್ತ್ರವನ್ನು ಆರಿಸಲಿ, ಸಾಧ್ಯವಾದರೆ ಸಂಜ್ಞಾಭಾಷೆಯನ್ನು ಕಲಿಯಲಿ. 1995ರ ಕಾಯಿದೆ ಏಳು ಬಗೆಯ ಅಂಗವೈಕಲ್ಯವನ್ನು ಗುರುತಿಸಿದ್ದರೆ 2016ರ ಕಾಯಿದೆ 21 ಬಗೆಗಳನ್ನು ಗುರುತಿಸಿದೆ. ಆಶ್ರಮವನ್ನೋ ಸ್ವಸಹಾಯ ಸಂಘಗಳನ್ನೋ ನಡೆಸಬೇಕೆಂದಿರುವವರು ಧಾರಾಳವಾಗಿ ವಾಣಿಜ್ಯವನ್ನೇ ಉಪವಿಷಯವಾಗಿ ತೆಗೆದುಕೊಳ್ಳಲಿ. ನಾನು ವಾಣಿಜ್ಯದ ವೈರಿಯಲ್ಲ. ಲೆಕ್ಕವಿಡಲು ಬಾರದೆ ಕೆಟ್ಟ ಒಳ್ಳೆಯ ಸಂಸ್ಥೆಗಳು ಕಡಿಮೆಯಿಲ್ಲ. ಆ ವಿದ್ಯೆ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದಿದೆ. ಅದನ್ನು ಸೇವೆಯ ಪಕ್ಕಕ್ಕೆ ಕೂರಿಸುವವರು ನಮಗಿಂತ ಬೇರೆ ಯಾರು?

ಇನ್ನು ಕನ್ನಡ. ಇದನ್ನು ನಾನು ಭಾಷಾಭಿಮಾನದಿಂದ ಹೇಳುತ್ತಿಲ್ಲ. ಮನೋವೈದ್ಯರ ಪುಸ್ತಕದಲ್ಲಿ ಖಿನ್ನತೆ ಎಂಬ ಪದವಿದೆ. ಹಳ್ಳಿಯ ತಾಯಿ ಆ ಪದ ಆಡುವುದಿಲ್ಲ. ಎದೆ ಭಾರ ಎನ್ನುತ್ತಾಳೆ, ಯಾವುದರಲ್ಲೂ ಮನಸ್ಸಿಲ್ಲ ಎನ್ನುತ್ತಾಳೆ, ಸುಸ್ತು ಎನ್ನುತ್ತಾಳೆ. ಅದನ್ನು ಕೇಳಿ ಅರ್ಥ ಮಾಡಿಕೊಳ್ಳುವ ಕಿವಿ ಇಂಗ್ಲಿಷ್ ಪಠ್ಯದಿಂದ ಬರುವುದಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಹಳ್ಳಿಗಳಲ್ಲಿಯೇ ಮಾನಸಿಕ ಚಿಕಿತ್ಸೆ ದೊರೆಯುವಂತೆ ಮಾಡಿದರು; ಆ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಇಂಥ ಕೆಲಸ ಹಳ್ಳಿಯವರ ಮಾತು ಬಲ್ಲವರಿಲ್ಲದೆ ನಡೆಯದು. ಕರಾವಳಿಯಲ್ಲಿ ತುಳು, ಬ್ಯಾರಿ, ಬಯಲುಸೀಮೆಯಲ್ಲಿ ಲಂಬಾಣಿ, ದಖನಿ ಉರ್ದು ಬಲ್ಲ ಕಾರ್ಯಕರ್ತನಿಗೆ ತೆರೆಯುವ ಮನೆಗಳು ಬೇರೆಯವರಿಗೆ ತೆರೆಯುವುದಿಲ್ಲ.

ಎರಡು ವಿದ್ಯೆಗಳು ಕೂಡಿದರೆ ಏನಾಗಬಹುದೆಂಬುದಕ್ಕೆ ಜೈಪುರದ ಕೃತಕ ಕಾಲನ್ನು ನೆನೆಯಬೇಕು. ಹೊರದೇಶಗಳ ಮಾದರಿಯ ಕೃತಕ ಕಾಲಿಗೆ ಬೂಟು ಬೇಕಿತ್ತು. ಅದನ್ನು ಹಾಕಿಕೊಂಡು ನಮ್ಮ ರೈತ ಕುಕ್ಕುರುಗಾಲಲ್ಲಿ ಕೂರಲಾರ, ಚಕ್ಕಳಮಕ್ಕಳ ಹಾಕಲಾರ, ಬರಿಗಾಲಲ್ಲಿ ಕೆಸರಿಗಿಳಿಯಲಾರ. 1960ರ ದಶಕದ ಕೊನೆಯಲ್ಲಿ ಜೈಪುರದ ಆಸ್ಪತ್ರೆಯಲ್ಲಿ ಮೂಳೆ ಶಸ್ತ್ರಚಿಕಿತ್ಸಕ ಡಾ. ಪಿ.ಕೆ. ಸೇಠಿ ಅವರ ವೈದ್ಯಕೀಯ ಜ್ಞಾನವೂ ಶಾಲೆಯ ಓದು ಹೆಚ್ಚಿಲ್ಲದ ಶಿಲ್ಪಿ ರಾಮಚಂದ್ರ ಶರ್ಮರ ಕೈಚಳಕವೂ ಸೇರಿ ರಬ್ಬರಿನ ಹೊಸ ಪಾದ ಹುಟ್ಟಿತು. ಅದನ್ನು ಬಡವರಿಗೆ ಉಚಿತವಾಗಿ ಮುಟ್ಟಿಸಲು ಡಿ.ಆರ್. ಮೆಹತಾ ಅವರು 1975ರಲ್ಲಿ ಭಗವಾನ್ ಮಹಾವೀರರ ಹೆಸರಿನಲ್ಲಿಯೇ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದರು. ಅಲ್ಲಿ ಆಡಳಿತದ ಅನುಭವವೆಂಬ ಮೂರನೆಯ ವಿದ್ಯೆಯೂ ಕೂಡಿತು; ಮೆಹತಾ ಅವರು ಐ.ಎ.ಎಸ್. ಅಧಿಕಾರಿ. ಕರುಣೆ ಮೂವರಲ್ಲೂ ಇದ್ದಿರಬೇಕು. ಆದರೆ ಕಾಲಿಲ್ಲದವನು ಎದ್ದು ನಡೆದುದು ಅವರು ಬಲ್ಲ ವಿದ್ಯೆಗಳಿಂದ.

ಈಗ ಆಕ್ಷೇಪಗಳನ್ನು ನೋಡೋಣ.

ಇದರಿಂದ ಹೊಟ್ಟೆ ತುಂಬುವುದೇ ಎಂಬುದು ಮೊದಲ ಆಕ್ಷೇಪ. ಈ ವೃತ್ತಿಗಳಲ್ಲಿ ಸಂಬಳ ಕಡಿಮೆ ಎಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಕಡಿಮೆ ಏಕೆ? ದಾನಿಗಳು ಕಟ್ಟಡಕ್ಕೆ ಕೊಡುತ್ತಾರೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತಾರೆ. ಆ ಕಟ್ಟಡದಲ್ಲಿ ದುಡಿಯುವವರ ಸಂಬಳಕ್ಕೆ ಕೊಡುವುದಿಲ್ಲ. ವೃದ್ಧಾಶ್ರಮದ ಮಹಾದ್ವಾರಕ್ಕೆ ದಾನಿಗಳು ಮೂವರು, ಅಲ್ಲಿ ತರಬೇತಿ ಪಡೆದ ಆರೈಕೆಯವರು ಒಬ್ಬರೂ ಇಲ್ಲ: ಇಂಥದನ್ನು ನೋಡದ ಓದುಗರು ಇದ್ದಾರೆಯೇ? ಸಂಬಳವನ್ನು ಕಡಿಮೆ ಇಟ್ಟವರು ನಾವು. ಅದನ್ನೇ ಕಾರಣ ಮಾಡಿ ಮಕ್ಕಳನ್ನು ತಡೆಯುವವರೂ ನಾವೇ.

ಸೇವೆಗೆ ಸಂಬಳ ಪಡೆದರೆ ಅದು ಸೇವೆ ಹೇಗಾದೀತು ಎಂಬುದು ಎರಡನೆಯದು. ಔಷಧದಾನ ಮಾಡುವ ಶ್ರಾವಕ ವೈದ್ಯನಿಗೆ ಶುಲ್ಕ ಕೊಡದಿರುತ್ತಾನೆಯೇ? ಶಾಸ್ತ್ರದಾನದ ವಿಷಯದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಗಿಂತ ಹಿರಿಯ ಮಾದರಿ ನಮಗಿಲ್ಲ. ಸಾವಿರ ವರ್ಷಗಳ ಹಿಂದೆ ಆ ತಾಯಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಬರೆಯಬಲ್ಲ ಲಿಪಿಕಾರರನ್ನು ಪೋಷಿಸದೆ ಸಾವಿರ ಪ್ರತಿ ಆಗುತ್ತಿತ್ತೇ? ಬಲ್ಲವರನ್ನು ಪೋಷಿಸುವುದೂ ದಾನದ ಒಂದು ಅಂಗವೇ.

ನಮ್ಮದು ಚಿಕ್ಕ, ಸುಶಿಕ್ಷಿತ ಸಮಾಜ, ನಮಗೇಕೆ ಇದೆಲ್ಲ ಎಂಬುದು ಮೂರನೆಯದು. 2011ರ ಜನಗಣತಿಯಲ್ಲಿ ಜೈನರ ಸಾಕ್ಷರತೆ ಶೇ. 94.9, ದೇಶದ ಎಲ್ಲ ಧರ್ಮೀಯರಲ್ಲಿ ಅತ್ಯಧಿಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಜೈನ ಮಹಿಳೆಯರ ಫಲವಂತಿಕೆಯ ದರ 1.6, ದೇಶದ ಸರಾಸರಿ 2.0. ಈ ಎರಡು ಅಂಕಿಗಳನ್ನು ಜೊತೆಗಿಟ್ಟು ಓದಬೇಕು. ಮನೆಗೊಂದೋ ಎರಡೋ ಮಕ್ಕಳು, ಅವರೂ ಓದಿ ದೂರ ಹೋದವರು. ಊರಿನ ದೊಡ್ಡ ಮನೆಗಳಲ್ಲಿ ಉಳಿದವರು ವೃದ್ಧರಿಬ್ಬರು, ಕೆಲವೆಡೆ ಒಬ್ಬರೇ. ಜನಸೇವೆಯ ವೃತ್ತಿಯವರ ಅಗತ್ಯ ಎಲ್ಲರಿಗಿಂತ ಮೊದಲು ಬರುವುದು ನಮಗೇ. ಅಷ್ಟೇ ಅಲ್ಲ, ನಮ್ಮವರಿಗಷ್ಟೇ ಎಂದು ಗೆರೆ ಎಳೆದುಕೊಂಡ ಸೇವೆ ನಮ್ಮ ಪೂರ್ವಿಕರ ಮಾದರಿಯೂ ಅಲ್ಲ. ಕುಂಭೋಜದಲ್ಲಿ ಹುಟ್ಟಿದ ಜೈನ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ಕಟ್ಟಿದ ರಯತ ಶಿಕ್ಷಣ ಸಂಸ್ಥೆ ಎಲ್ಲ ಜಾತಿಯ ಬಡಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿತು. ಕರಾವಳಿಯಲ್ಲಿ ನಮ್ಮ ಬಸದಿಗಳ ನೆರೆಯಲ್ಲಿಯೇ, ಮಂಗಳೂರಿನ ರೋಶನಿ ನಿಲಯದಲ್ಲಿ, ಕ್ರೈಸ್ತ ಸೋದರಿಯರು 1960ರಲ್ಲಿ ಸಮಾಜಕಾರ್ಯದ ವಿದ್ಯಾಲಯ ತೆರೆದರು. ಅವರಿಗೆ ಅಂದು ಕಂಡುದು ನಮಗೆ ಇಂದಿಗೂ ‘ಇತರೆ’ ಕಲಮಿನಲ್ಲಿದೆ.

ಟ್ರಸ್ಟುಗಳ ಧರ್ಮದರ್ಶಿಗಳಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ವಿದ್ಯಾರ್ಥಿವೇತನದ ನಮೂನೆಯಲ್ಲಿ ‘ಇತರೆ’ಗೆ ಬದಲಾಗಿ ‘ವೈಯಾವೃತ್ಯ’ ಎಂಬ ಕಲಮನ್ನು ತೆರೆಯಿರಿ; ಅದಕ್ಕೆ ಉಳಿದವುಗಳಷ್ಟೇ ಮೊತ್ತ ಕೊಡಿ. ಅರ್ಜಿದಾರರಿಗೆ ಉಪವಿಷಯ ಯಾವುದು, ಏಕೆ ಎಂದು ಕೇಳಿ. ಅಡ್ಡಿಪಡಿಸುವುದಕ್ಕಲ್ಲ, ಅವರೇ ಯೋಚಿಸುವಂತಾಗಲು. ಪ್ರವೇಶದ ಕಾಲದಲ್ಲಿ ಒಂದು ಭಾನುವಾರ, ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ಒಬ್ಬರನ್ನು ಬಸದಿಯ ಸಭಾಭವನಕ್ಕೆ ಕರೆಸಿ ಮಕ್ಕಳೊಡನೆ ಮಾತಾಡಿಸಿ. ನಿಮ್ಮ ವಾರ್ಷಿಕ ಆಯವ್ಯಯದಲ್ಲಿ ತರಬೇತಿ ಪಡೆದ ಒಬ್ಬರ ಪೂರ್ಣ ಸಂಬಳವನ್ನು ಸೇರಿಸಿ. 1899ರಲ್ಲಿ ಸ್ಥಾಪಿತವಾಗಿ ಬೆಳಗಾವಿ ಸೀಮೆಯವರೆಗೂ ಕೆಲಸ ಮಾಡಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯಂಥ ಸಂಸ್ಥೆಗಳು ಹಿಂದೆ ವಿದ್ಯಾರ್ಥಿನಿಲಯಗಳನ್ನು ಕಟ್ಟಿದಾಗಲೂ ರೈತನ ಮಗನಿಗೆ ಇಂಗ್ಲಿಷ್ ಓದು ಏಕೆಂದು ಕೇಳಿದವರು ಇದ್ದಿರಬೇಕು. ಕಟ್ಟಿದವರು ಅವರಿಗಾಗಿ ಕಾಯಲಿಲ್ಲ. ಇಂದಿನ ನಮ್ಮ ಸಾಕ್ಷರತೆಯಲ್ಲಿ ಅವರ ಪಾಲಿದೆ.

2018ರ ಮಹಾಮಸ್ತಕಾಭಿಷೇಕವನ್ನು ನಾವೆಲ್ಲ ಕಂಡೆವು. ವಾಡಿಕೆಯಂತೆ ಮುಂದಿನದು 2030ರ ಹೊತ್ತಿಗೆ. ಇಂದು ಪಿಯುಸಿಯಲ್ಲಿರುವ ಮಗು ಆ ವೇಳೆಗೆ ಪದವೀಧರವಾಗಿರುತ್ತದೆ. ಪ್ರತಿಯೊಂದು ದೊಡ್ಡ ಬಸದಿಯ ಟ್ರಸ್ಟೂ ಅಷ್ಟರೊಳಗೆ ಒಬ್ಬರನ್ನು, ಒಬ್ಬರನ್ನಷ್ಟೇ, ಸೇವೆಗೆ ಸಿದ್ಧಪಡಿಸುವ ಸಂಕಲ್ಪ ಮಾಡಿದರೆ ಬಾಹುಬಲಿಯ ಪಾದಕ್ಕೆ ಕಲಶ ಹೊತ್ತು ಹೋಗುವಾಗ ನಮಗೆ ಸಂಕೋಚವಿರದು.

ನಾನು ಪಕ್ಕಕ್ಕೆ ಸರಿಸಿದ ಅರ್ಜಿಯ ಹುಡುಗಿ ಮುಂದೆ ಬಿ.ಕಾಂ. ಮಾಡಿದಳೆಂದೂ ಈಗ ಒಂದು ಹಣಕಾಸು ಸಂಸ್ಥೆಯಲ್ಲಿ ಕೆಲಸದಲ್ಲಿದ್ದಾಳೆಂದೂ ಕೇಳಿದೆ. ಗೌರವದ ಕೆಲಸವೇ, ಮರುಕದ ಮಾತಿಲ್ಲ. ಆದರೆ ಚಿಲಕ ಹಾಕದೆ ಬೇರೆ ಏನು ಮಾಡಬಹುದಿತ್ತೆಂಬ ಅವಳ ಪ್ರಶ್ನೆಗೆ ಉತ್ತರ ಕಲಿತು ಬಂದು ನಮ್ಮ ಊರಿನ ಮನೆಗಳಿಗೆ ಹೇಳುವವರು ಇಂದಿಗೂ ಇಲ್ಲ. ಆ ಊರಿನಲ್ಲಿ ಈಗ ಎಷ್ಟು ಕೋಣೆಗಳಿಗೆ ಹೊರಗಿನಿಂದ ಚಿಲಕವಿದೆಯೋ ನಾನರಿಯೆ. ಈ ವರ್ಷ ನಿಮ್ಮ ಸಮಿತಿಯ ಮುಂದೆ ಅಂಥದೊಂದು ಅರ್ಜಿ ಬಂದರೆ ದಯವಿಟ್ಟು ಪಕ್ಕಕ್ಕೆ ಸರಿಸಬೇಡಿ.

ಜೈ ಜಿನೇಂದ್ರ.